ಐಟಿಐ ವರ್ಕ್‌ಶಾಪಿನ ಇಂಗ್ಲಿಷ್: ಬೆಂಚಿನಿಂದಲೇ ಕಲಿಯುವ ದಾರಿ

ಅಪ್ರೆಂಟಿಸ್ ಆಗಿ ಪೀಣ್ಯದ ಒಂದು ಕಾರ್ಖಾನೆ ಸೇರಿದ ಎರಡನೇ ವಾರ ನನ್ನ ಕೈಗೊಂದು ಡ್ರಾಯಿಂಗ್ ಬಂತು. ಫ್ಲೇಂಜಿಗೆ, ಅಂದರೆ ಪೈಪು ಜೋಡಿಸುವ ದುಂಡು ತಟ್ಟೆಗೆ, ಆರು ತೂತು ಹಾಕಬೇಕು. ಬಾಣದ ಗುರುತಿನ ಪಕ್ಕ ‘ಡ್ರಿಲ್ ಆಂಡ್ ರೀಮ್ 10 ಡಯಾ ಎಚ್7, 6 ಹೋಲ್ಸ್ ಈಕ್ವಿ-ಎಸ್‌ಪಿ ಆನ್ 80 ಪಿಸಿಡಿ’ ಅಂತ ಬರೆದಿತ್ತು. ಅಂದರೆ 80 ಎಂಎಂ ಡಯಾಮೀಟರಿನ ವೃತ್ತದ ಮೇಲೆ ಸಮ ಅಂತರದಲ್ಲಿ ಆರು ತೂತು. ಡ್ರಿಲ್ ಗೊತ್ತಿತ್ತು. ರೀಮಿಂಗ್ ಪಾಠದ ದಿನ ನಾನು ಕ್ಲಾಸಿಗೆ ಚಕ್ಕರ್ ಹೊಡೆದಿದ್ದೆ. ಯಾರನ್ನಾದರೂ ಕೇಳೋಣ ಅಂದರೆ ನಾಚಿಕೆ. ಊಟದ ಹೊತ್ತಿನಲ್ಲಿ ಜೇಬಿನ ಡಿಕ್ಷನರಿ ತೆಗೆದು ನೋಡಿದೆ. ರೀಮ್ ಅಂದರೆ ಕಾಗದದ ಕಟ್ಟು ಅಂತಿತ್ತು. ಕಾಗದಕ್ಕೂ ಫ್ಲೇಂಜಿಗೂ ಏನು ನೆಂಟಸ್ತಿಕೆ ಅಂದುಕೊಂಡು 10 ಎಂಎಂ ಡ್ರಿಲ್ ಕಟ್ಟಿ ಆರೂ ತೂತು ಹೊಡೆದು ಕೊಟ್ಟೆ.

ರೀಮರ್ ಹಾಕುವುದಿದ್ದರೆ ಡ್ರಿಲ್ 9.8ಕ್ಕೆ ನಿಲ್ಲಬೇಕು. ಉಳಿದ ಕೂದಲೆಳೆಯಷ್ಟನ್ನು ರೀಮರ್ ಸವರಿ ತೆಗೆಯುತ್ತದೆ. 10 ಎಂಎಂ ತೂತಿಗೆ ಎಚ್7 ಅಂದರೆ ಹೆಚ್ಚೆಂದರೆ 15 ಮೈಕ್ರಾನ್, ಅಂದರೆ 0.015 ಎಂಎಂ, ದೊಡ್ಡದಾಗಬಹುದು, ಚಿಕ್ಕದಂತೂ ಆಗುವಂತಿಲ್ಲ. ಬರೀ ಡ್ರಿಲ್ಲಿಗೆ ಆ ನಾಜೂಕು ಎಲ್ಲಿ ಬರಬೇಕು? ತೂತು ಪರೀಕ್ಷಿಸುವ ಪ್ಲಗ್ ಗೇಜಿನ ನೋ-ಗೋ ತುದಿ, ಒಳಗೆ ಇಳಿಯಲೇಬಾರದ ತುದಿ, ಆರೂ ತೂತಿನಲ್ಲಿ ಸಲೀಸಾಗಿ ಇಳಿದುಹೋಯಿತು. ಜಾಬ್ ರಿಜೆಕ್ಟ್.

ಈಗ ನಾನೇ ಐಟಿಐಯಲ್ಲಿ ಜೆಟಿಒ, ಅಂದರೆ ಜೂನಿಯರ್ ಟ್ರೈನಿಂಗ್ ಆಫೀಸರ್. ಫಿಟ್ಟರ್ ಹುಡುಗರಿಗೆ ಪಾಠ ಮಾಡುತ್ತೇನೆ. ಪ್ರತಿ ವರ್ಷ ಆಗಸ್ಟ್ ಹೊತ್ತಿಗೆ ಯಾರಾದರೂ ಬಂದು ‘ಸರ್, ಇಂಗ್ಲಿಷ್ ಬರಲ್ಲ, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರ್ಕೊಳ್ಳಲಾ’ ಅಂತ ಕೇಳೇ ಕೇಳುತ್ತಾರೆ. ಸೇರಿಕೊಳ್ಳಿ, ನಷ್ಟವಿಲ್ಲ. ಆದರೆ ಅಲ್ಲಿ ಹೇಳಿಕೊಡುವ ಹೋಟೆಲಿನ ಸಂಭಾಷಣೆ, ರೈಲ್ವೆ ಸ್ಟೇಷನ್ನಿನ ಸಂಭಾಷಣೆ ನನ್ನ ಆ ಆರು ತೂತುಗಳನ್ನು ಉಳಿಸುತ್ತಿರಲಿಲ್ಲ. ವರ್ಕ್‌ಶಾಪಿನ ಇಂಗ್ಲಿಷೇ ಬೇರೆ. ಅದರಲ್ಲಿ ಗ್ರಾಮರ್ ಕಡಿಮೆ, ಪದಗಳೂ ಬೆಟ್ಟದಷ್ಟಿಲ್ಲ. ಇರುವ ಪದಗಳು ಮಾತ್ರ ಮಹಾ ಹಟಮಾರಿ, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಮಾಲು ಹಾಳು, ಇಲ್ಲವೇ ಕೈ ಹಾಳು. ಕನ್ನಡ ಮೀಡಿಯಮ್ಮಿನಿಂದ ಬಂದ ಐಟಿಐ ಹುಡುಗ ಹುಡುಗಿಯರು ಅದನ್ನು ತಮ್ಮ ಬೆಂಚಿನ ಮುಂದೆಯೇ ಕಲಿಯುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆ ಹೆಚ್ಚಾಗಿ ಫಿಟ್ಟರ್, ಎಲೆಕ್ಟ್ರಿಷಿಯನ್ ಟ್ರೇಡಿನವು, ಕ್ರಮ ಎಲ್ಲ ಟ್ರೇಡಿಗೂ ಒಂದೇ.

ಹೆಜ್ಜೆ 1: ಪುಸ್ತಕ ಅಕ್ಷರದ ಕ್ರಮದಲ್ಲಿ ಬೇಡ, ಯಂತ್ರದ ಕ್ರಮದಲ್ಲಿರಲಿ

ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಎ ಫಾರ್ ಆಂಗಲ್, ಬಿ ಫಾರ್ ಬೋಲ್ಟ್ ಅಂತ ಬರೆಯಲು ಹೋದರೆ ಮೂರನೇ ದಿನಕ್ಕೆ ಬೇಸರ ಬರುತ್ತದೆ. ಒಂದು ಯಂತ್ರ ಅಥವಾ ಒಂದು ಟೂಲಿಗೆ ಒಂದು ಪುಟ ಇಡಿ. ಮೊದಲ ಪುಟ ಬೆಂಚ್ ವೈಸಿಗೆ. ನಡುವೆ ಅದರ ಚಿತ್ರ ಬಿಡಿಸಿ, ವಕ್ರವಾಗಿದ್ದರೂ ಅಡ್ಡಿಯಿಲ್ಲ. ಬಾಣ ಹಾಕಿ ಹೆಸರು ಬರೆಯಿರಿ: ಫಿಕ್ಸ್‌ಡ್ ಜಾ, ಮೂವಬಲ್ ಜಾ, ಸ್ಪಿಂಡಲ್, ಹ್ಯಾಂಡಲ್, ಬಾಕ್ಸ್ ನಟ್. ಇಂಗ್ಲಿಷ್ ಸ್ಪೆಲ್ಲಿಂಗ್ ಅಲ್ಲೇ ಇರಲಿ, ನಮ್ಮ ಬಾಯಲ್ಲಿ ಹೇಗೆ ಬರುತ್ತದೋ ಅದೂ ಅದರ ಕೆಳಗಿರಲಿ. ಆಮೇಲೆ ಆ ಭಾಗ ಏನು ಮಾಡುತ್ತದೆ ಅನ್ನುವುದನ್ನು ಕನ್ನಡದಲ್ಲಿ ಒಂದೇ ಸಾಲು: ‘ಸ್ಪಿಂಡಲ್ ತಿರುಗಿದರೆ ಮೂವಬಲ್ ಜಾ ಮುಂದೆ ಬರುತ್ತದೆ.’

ಪದದ ಅರ್ಥವನ್ನಲ್ಲ, ಕೆಲಸವನ್ನು ಬರೆಯಿರಿ ಅನ್ನುವುದಕ್ಕೆ ಕಾರಣವಿದೆ. ಎಷ್ಟೋ ಪದಗಳಿಗೆ ಅರ್ಥವೇ ಇಲ್ಲ, ಅವು ಮನುಷ್ಯರ ಹೆಸರುಗಳು. ವರ್ನಿಯರ್ ಒಬ್ಬ ಫ್ರೆಂಚ್ ಮಹಾಶಯ, 1631ರಲ್ಲಿ ತನ್ನ ಸ್ಕೇಲಿನ ವಿಚಾರ ಪ್ರಕಟಿಸಿದವನು. ವಿಟ್‌ವರ್ತ್ ಇಂಗ್ಲೆಂಡಿನ ಎಂಜಿನಿಯರ್, ಅವನ ಥ್ರೆಡ್ಡಿನ ಕೋನ 55 ಡಿಗ್ರಿ, ನಮ್ಮ ಮೆಟ್ರಿಕ್ ಥ್ರೆಡ್ಡಿನದು 60. ಗಡಸುತನ ಅಳೆಯುವ ಬ್ರಿನೆಲ್ ಸ್ವೀಡನ್ನಿನವನು. ಡಿಕ್ಷನರಿಯಲ್ಲಿ ಇವಕ್ಕೆ ಅರ್ಥ ಹುಡುಕುವುದೂ ‘ಕೆಂಪೇಗೌಡ’ ಅನ್ನುವುದನ್ನು ಕೆಂಪು ಬಣ್ಣದ ಗೌಡ ಅಂತ ಬಿಡಿಸುವುದೂ ಒಂದೇ.

ಟೂಲ್ ಸ್ಟೋರಿನ ಇಂಡೆಂಟ್, ಅಂದರೆ ಟೂಲ್ ಬೇಕೆಂದು ಬರೆದುಕೊಡುವ ಚೀಟಿ, ಒಳ್ಳೆಯ ಪಾಠಶಾಲೆ. ಫೈಲ್ ಅಂತ ಬರೆದರೆ ಸ್ಟೋರ್‌ಕೀಪರ್ ‘ಯಾವುದು’ ಅಂತಾನೆ. ಉದ್ದ, ಆಕಾರ, ಗ್ರೇಡ್ ಮೂರೂ ಬೇಕು. ಅಲ್ಲಿನ ವಾಡಿಕೆ ತಲೆಕೆಳಗು: ಮೊದಲು ವಸ್ತು, ಆಮೇಲೆ ಅದರ ಬಗೆ. ‘ಫೈಲ್, ಫ್ಲಾಟ್, ಬಾಸ್ಟರ್ಡ್, 300 ಎಂಎಂ, 1 ನಂ.’ ಹೌದು, ಬಾಸ್ಟರ್ಡ್ ಅನ್ನುವುದೇ ಆ ಗ್ರೇಡಿನ ಹೆಸರು, ರಫ್‌ಗಿಂತ ನಯ, ಸೆಕೆಂಡ್ ಕಟ್‌ಗಿಂತ ಒರಟು. ಮೊದಲ ಸಲ ಹೇಳಿದಾಗ ಕ್ಲಾಸು ಐದು ನಿಮಿಷ ನಗುತ್ತದೆ, ಹಾಗಾಗಿ ಅದನ್ನು ಯಾರೂ ಮರೆಯುವುದಿಲ್ಲ.

ಹೆಜ್ಜೆ 2: ಎರಡು ವೇಷದ ಪದಗಳನ್ನು ಬೇರೆ ಪಟ್ಟಿ ಮಾಡಿ

ಹೊಸ ಪದಗಳಿಗಿಂತ ಗೊತ್ತಿರುವ ಪದಗಳೇ ಹೆಚ್ಚು ಮೋಸ ಮಾಡುತ್ತವೆ. ನೋಟ್‌ಬುಕ್ಕಿನ ಕೊನೆಯ ಹತ್ತು ಪುಟ ಇವಕ್ಕೆ ಮೀಸಲಿಡಿ.

ಜಾಬ್ ಅಂದರೆ ಮನೆಯವರಿಗೆ ನೌಕರಿ, ನಮಗೆ ವೈಸಿನಲ್ಲಿ ಕಚ್ಚಿಸಿದ ಕಬ್ಬಿಣದ ತುಂಡು. ಟ್ಯಾಪ್ ಹೊರಗೆ ನಲ್ಲಿ, ಬೆಂಚಿನ ಮೇಲೆ ತೂತಿನೊಳಗೆ ಥ್ರೆಡ್ ಕೊರೆಯುವ ಸಾಧನ, ಟ್ರಾನ್ಸ್‌ಫಾರ್ಮರಿನಲ್ಲಿ ವೈಂಡಿಂಗಿನಿಂದ ಹೊರಗೆಳೆದ ತುದಿ. ಡೈ ಅಂದರೆ ಸಾಯುವುದಲ್ಲ, ರಾಡಿನ ಮೇಲೆ ಥ್ರೆಡ್ ಹಾಕುವುದು, ಪ್ರೆಸ್ಸಿನಲ್ಲಿ ಅಚ್ಚು. ಲೀಡ್ ಇನ್ನೂ ತಂಟೆಯದು. ಒಂದೇ ಸ್ಪೆಲ್ಲಿಂಗ್, ಎರಡು ಉಚ್ಚಾರ: ಸ್ಕ್ರೂ ಒಂದು ಸುತ್ತಿಗೆ ಎಷ್ಟು ದೂರ ಸಾಗುತ್ತದೋ ಅದು ಲೀಡ್, ಮೀಟರಿನ ವೈರುಗಳೂ ಲೀಡ್, ಬ್ಯಾಟರಿಯೊಳಗಿನ ಸೀಸ ಮಾತ್ರ ಲೆಡ್.

ಡೆಡ್ ಪದಕ್ಕೇ ಒಂದು ಪುಟ ಬೇಕು. ಲೇತಿನ ಡೆಡ್ ಸೆಂಟರ್ ತಿರುಗುವುದಿಲ್ಲ, ಲೈವ್ ಸೆಂಟರ್ ಜಾಬ್ ಜೊತೆ ತಿರುಗುತ್ತದೆ. ಡೆಡ್ ಸ್ಮೂತ್ ಫೈಲ್ ಎಲ್ಲಕ್ಕಿಂತ ನಯ. ಎಲೆಕ್ಟ್ರಿಷಿಯನ್ನಿಗೆ ಡೆಡ್ ಅಂದರೆ ಸಪ್ಲೈ ಇಲ್ಲ, ಲೈವ್ ಅಂದರೆ ಮುಟ್ಟಿದರೆ ನೀವೇ ಇಲ್ಲ.

ಪ್ಲೇ ಅಂದಾಗ ಹುಡುಗರು ಕ್ರಿಕೆಟ್ಟಿಗೆ ಹೋಗಿಬಿಡುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ‘ಬೇರಿಂಗ್ ಆಡ್ತಾ ಇದೆ’ ಅನ್ನುವುದಿಲ್ಲವೇ, ಅದೇ ಪ್ಲೇ, ಸಡಿಲ. ಎರಡು ಭಾಷೆಯೂ ಒಂದೇ ತರಹ ಯೋಚಿಸಿರುವ ಇಂಥ ಜಾಗ ಸಿಕ್ಕಿದರೆ ಬಿಡಬೇಡಿ, ಅಲ್ಲಿ ಉರು ಹೊಡೆಯುವ ಕೆಲಸವೇ ಇಲ್ಲ. ಗರಗಸಕ್ಕೆ ನಮ್ಮಲ್ಲೂ ಹಲ್ಲು, ಅವರಲ್ಲೂ ಹಲ್ಲು. ವೆಲ್ಡಿಂಗಿನಲ್ಲಂತೂ ಇಡೀ ದೇಹವೇ ಇದೆ: ಬುಡಕ್ಕೆ ರೂಟ್, ಅಂಚಿಗೆ ಟೋ ಅಂದರೆ ಕಾಲ್ಬೆರಳು, ಬದಿಗೆ ಲೆಗ್, ನಡುವಿನ ದಪ್ಪಕ್ಕೆ ಥ್ರೋಟ್, ಮೇಲ್ಮೈಗೆ ಫೇಸ್. ಒಂದು ಫಿಲೆಟ್ ವೆಲ್ಡಿನ ಅಡ್ಡಕೊಯ್ತ ಬರೆದು ಈ ಐದನ್ನೂ ಗುರುತಿಸಿ, ಒಂದೇ ದಿನದಲ್ಲಿ ಬಾಯಿಗೆ ಬರುತ್ತವೆ.

ಕನ್ನಡದ ಕಡೆಯಿಂದಲೂ ಒಂದು ಗುಂಡಿ ಇದೆ. ಪ್ರೆಶರ್ ಅಂದರೂ ಒತ್ತಡ, ಸ್ಟ್ರೆಸ್ ಅಂದರೂ ಒತ್ತಡ, ಹೈ ಟೆನ್ಷನ್ ಲೈನೂ ‘ಅಧಿಕ ಒತ್ತಡದ’ ತಂತಿ. ಟೈರಿನೊಳಗಿನ ಗಾಳಿ, ಎಳೆದ ರಾಡಿನ ಸಂಕಟ, ತಂತಿಯ ವೋಲ್ಟೇಜು, ಮೂರೂ ಬೇರೆ ಬೇರೆ ಸಂಗತಿ. ಇಂಥ ಕಡೆ ಅನುವಾದದ ಹಟ ಬಿಟ್ಟು ಇಂಗ್ಲಿಷ್ ಪದವನ್ನೇ ಕನ್ನಡದ ವಾಕ್ಯದಲ್ಲಿ ಕೂರಿಸಿ. ಕನ್ನಡಕ್ಕೇನೂ ಕುಂದಿಲ್ಲ. ಬಸ್ಸು, ಬೋಲ್ಟು, ನಟ್ಟು ಎಲ್ಲ ನಮ್ಮವೇ ಆಗಿ ಎಷ್ಟು ಕಾಲವಾಯಿತು!

ಹೆಜ್ಜೆ 3: ‘ತೂತು ಹಾಕು’ ಅನ್ನುವುದನ್ನು ಏಳಾಗಿ ಒಡೆಯಿರಿ

ನನ್ನ ಆರು ತೂತಿನ ಕಥೆಯ ನಿಜವಾದ ಕಾರಣ ಇಲ್ಲಿದೆ. ನಮಗೆ ತೂತು ಹಾಕು ಅನ್ನುವುದು ಒಂದೇ ಕ್ರಿಯೆ. ಡ್ರಾಯಿಂಗಿಗೆ ಅದು ಏಳು. ಇಲ್ಲದ ತೂತನ್ನು ಹೊಸದಾಗಿ ಕೊರೆಯುವುದು ಡ್ರಿಲ್. ಇರುವ ತೂತನ್ನು ದೊಡ್ಡದು ಮಾಡಿ ಅದರ ಸೆಂಟರ್ ಸರಿಪಡಿಸುವುದು ಬೋರ್. ಅಳತೆಗೂ ನಯಕ್ಕೂ ತರುವುದು ರೀಮ್. ಒಳಗೆ ಥ್ರೆಡ್ ಕೊರೆಯುವುದು ಟ್ಯಾಪ್. ಆಲನ್ ಸ್ಕ್ರೂ ತಲೆ ಮುಳುಗಲಿ ಅಂತ ಬಾಯನ್ನು ನೇರ ಗೋಡೆಯಿಟ್ಟು ಅಗಲಿಸುವುದು ಕೌಂಟರ್‌ಬೋರ್. ಅದನ್ನೇ ಬಟ್ಟಲಿನ ಹಾಗೆ ಇಳಿಜಾರಾಗಿ ಅಗಲಿಸಿದರೆ ಕೌಂಟರ್‌ಸಿಂಕ್. ಬೋಲ್ಟಿನ ತಲೆ ಸಮ ಕೂರಲಿ ಅಂತ ತೂತಿನ ಸುತ್ತ ತೆಳ್ಳಗೆ ಸವರುವುದು ಸ್ಪಾಟ್ ಫೇಸ್.

ಇದನ್ನು ಓದಿ ಕಲಿಯಲಾಗದು. ಒಂದು ಹಳೆಯ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ತೆಗೆದುಕೊಂಡು ಸಾಲಾಗಿ ಏಳನ್ನೂ ಮಾಡಿ, ಪ್ರತಿಯೊಂದರ ಕೆಳಗೆ ಲೆಟರ್ ಪಂಚಿನಲ್ಲಿ ಹೆಸರು ಹೊಡೆಯಿರಿ. ಎಂ10 ಟ್ಯಾಪಿಗೆ 8.5ರ ಡ್ರಿಲ್ ಬೇಕು ಅನ್ನುವುದೂ ಅದರ ಜೊತೆಗೇ ತಲೆಗೆ ಹೋಗುತ್ತದೆ. ನಮ್ಮ ಸೆಕ್ಷನ್ನಿನ ಕಿಟಕಿಯಲ್ಲಿ ಅಂಥದೊಂದು ಪ್ಲೇಟ್ ಇದೆ. ಪರೀಕ್ಷೆ ಹತ್ತಿರ ಬಂದಾಗ ಹುಡುಗರು ಕಣ್ಣು ಮುಚ್ಚಿ ಬೆರಳಾಡಿಸಿ ಹೆಸರು ಹೇಳುತ್ತಾರೆ.

ಹೀಗೇ ‘ಕತ್ತರಿಸು’ ಅನ್ನುವುದನ್ನೂ ಒಡೆಯಿರಿ: ಹ್ಯಾಕ್‌ಸಾದಲ್ಲಿ ಸಾ, ಉಳಿಯಲ್ಲಿ ಚಿಪ್, ಶೀಟಿಗೆ ಶಿಯರ್, ಲೇತಿನಲ್ಲಿ ಪಾರ್ಟ್ ಆಫ್. ‘ಬಿಗಿ ಮಾಡು’ವಿನಲ್ಲಿ ಟೈಟನ್, ಕ್ಲ್ಯಾಂಪ್, ಲಾಕ್ ಬೇರೆ ಬೇರೆ.

ಹೆಜ್ಜೆ 4: ಡ್ರಾಯಿಂಗನ್ನು ಕೆಳಗಿನ ಮೂಲೆಯಿಂದ ಓದಿ

ಎಲ್ಲರೂ ಚಿತ್ರದಿಂದ ಶುರು ಮಾಡುತ್ತಾರೆ. ಬಲಗಡೆ ಕೆಳಗಿನ ಟೈಟಲ್ ಬ್ಲಾಕ್ ಮೊದಲು. ಮೆಟೀರಿಯಲ್, ಸ್ಕೇಲ್, ಪ್ರೊಜೆಕ್ಷನ್ ಚಿಹ್ನೆ, ಎಷ್ಟು ಬೇಕು. ನಮ್ಮಲ್ಲಿ ಫಸ್ಟ್ ಆಂಗಲ್, ಅಮೆರಿಕದ ಡ್ರಾಯಿಂಗಿನಲ್ಲಿ ಥರ್ಡ್ ಆಂಗಲ್, ಚಿಹ್ನೆ ನೋಡದೆ ಹೋದರೆ ಎಡ ಬಲ ಅದಲು ಬದಲು. ‘2 ಆಫ್’ ಅಂತಿದ್ದರೆ ಸ್ವಿಚ್ ಆಫ್ ಅಲ್ಲ, ಎರಡು ಬೇಕು ಅಂತ. ಬ್ರಿಟಿಷರ ಹಳೆಯ ರೂಢಿ.

ಆಮೇಲೆ ನೋಟ್ಸ್. ‘ಡು ನಾಟ್ ಸ್ಕೇಲ್’ ಅಂದರೆ ಕಾಗದದ ಮೇಲೆ ಸ್ಕೇಲಿಟ್ಟು ಅಳೆಯಬೇಡ, ಬರೆದ ಅಂಕಿಯನ್ನೇ ನಂಬು. ‘ಅನ್‌ಲೆಸ್ ಅದರ್‌ವೈಸ್ ಸ್ಪೆಸಿಫೈಡ್’ ಅನ್ನುವುದನ್ನು ಹುಡುಗರು ಮಂತ್ರದ ಹಾಗೆ ಹಾರಿಸಿಬಿಡುತ್ತಾರೆ. ಬೇರೆ ಕಡೆ ಬೇರೆ ಹೇಳಿಲ್ಲದಿದ್ದರೆ ಇದೇ ನಿಯಮ, ಅಷ್ಟೇ ಅದರ ಮಾತು. ‘ಟಿವೈಪಿ’ ಅಂದರೆ ಟಿಪಿಕಲ್, ಇದೇ ತರಹದ ಎಲ್ಲಕ್ಕೂ ಇದೇ ಅಳತೆ. ‘ಥ್ರೂ’ ಆರಪಾರ ತೂತು. ‘ಎ/ಎಫ್’ ಅಂದರೆ ಅಕ್ರಾಸ್ ಫ್ಲ್ಯಾಟ್ಸ್, ನಟ್ಟಿನ ಎದುರುಬದುರು ಮುಖಗಳ ಅಂತರ. ಸ್ಪ್ಯಾನರಿನ ಮೇಲೆ ಬರೆದ ನಂಬರೂ ಅದೇ. ‘ಪಿಸಿಡಿ’ ತೂತುಗಳ ಸೆಂಟರುಗಳನ್ನು ಹಾದುಹೋಗುವ ವೃತ್ತದ ಡಯಾಮೀಟರ್. 80 ಪಿಸಿಡಿ ಅಂದರೆ ಕಂಪಾಸ್ 40ಕ್ಕೆ ಇಡಬೇಕು. ಅದನ್ನೇ ರೇಡಿಯಸ್ ಅಂದುಕೊಂಡು 80ಕ್ಕೆ ಇಟ್ಟವರನ್ನೂ ನೋಡಿದ್ದೇನೆ. ಸದ್ಯ, ಅಷ್ಟು ದೂರಕ್ಕೆ ಪ್ಲೇಟೇ ಇರುವುದಿಲ್ಲ.

ಹೆಜ್ಜೆ 5: ನೇಮ್‌ಪ್ಲೇಟನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಕಥೆ ಹೇಳಿ

ಎಲೆಕ್ಟ್ರಿಷಿಯನ್ನರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಇಲ್ಲ. ಅಂಗೈಯಗಲದ ತಗಡಿನ ಮೇಲೆ ಒಂದು ಮೋಟಾರಿನ ಜಾತಕವೇ ಇರುತ್ತದೆ. 3.7 ಕೆಡಬ್ಲ್ಯು, 5 ಎಚ್‌ಪಿ, 415 ವಿ, 7.5 ಎ, 50 ಹರ್ಟ್ಸ್, 1440 ಆರ್‌ಪಿಎಂ, ಕನೆಕ್ಷನ್ ಡೆಲ್ಟಾ, ಡ್ಯೂಟಿ ಎಸ್1, ಇನ್ಸುಲೇಷನ್ ಕ್ಲಾಸ್ ಎಫ್, ಐಪಿ55 ಅಂತ ಇದೆ ಅನ್ನೋಣ.

ಈಗ ಪಕ್ಕದವನಿಗೆ ಕನ್ನಡದಲ್ಲಿ ಹೇಳಿ: ‘ಇದು ಐದು ಎಚ್‌ಪಿ ಮೋಟಾರು. ಫುಲ್ ಲೋಡಿನಲ್ಲಿ ಏಳೂವರೆ ಆಂಪಿಯರ್ ಎಳೆಯುತ್ತದೆ, ಅದಕ್ಕಿಂತ ಮೇಲೆ ಹೋದರೆ ರಿಲೇ ಟ್ರಿಪ್ ಆಗಬೇಕು. ನಾಲ್ಕು ಪೋಲ್ ಆದ್ದರಿಂದ ಸಿಂಕ್ರೊನಸ್ ಸ್ಪೀಡ್ 1500, ಸ್ಲಿಪ್ಪಿಗೆ ಅರವತ್ತು ಹೋಗಿ 1440. ಡ್ಯೂಟಿ ಎಸ್1 ಅಂದರೆ ಸತತ ಓಡಬಹುದು. ಕ್ಲಾಸ್ ಎಫ್ ಅಂದರೆ ಇನ್ಸುಲೇಷನ್ 155 ಡಿಗ್ರಿ ತಡೆಯುತ್ತದೆ. ಐಪಿ55, ಧೂಳಿಗೂ ಚಿಮ್ಮುವ ನೀರಿಗೂ ರಕ್ಷಣೆ ಇದೆ, ಆದರೆ ಬಾವಿಗೆ ಇಳಿಸುವ ಹಾಗಿಲ್ಲ.’

ಇಲ್ಲಿ ಡ್ಯೂಟಿ, ಕ್ಲಾಸ್, ಸ್ಲಿಪ್, ಪೋಲ್ ನಾಲ್ಕೂ ಬೀದಿಯಲ್ಲಿ ಬೇರೆಯೇ ಅರ್ಥದ ಪದಗಳು, ನೋಡಿ. ವಾರಕ್ಕೊಂದು ನೇಮ್‌ಪ್ಲೇಟ್ ಸಾಕು. ಮನೆಯ ಪಂಪು, ಮಿಕ್ಸಿ, ಹಿಟ್ಟಿನ ಗಿರಣಿ ಯಾವುದೂ ಆದೀತು. ವೆಲ್ಡರುಗಳು ಎಲೆಕ್ಟ್ರೋಡ್ ಪ್ಯಾಕೆಟ್ಟಿನಿಂದ ಶುರು ಮಾಡಲಿ: ಇ6013ರಲ್ಲಿ 60 ಅಂದರೆ ಚದರ ಇಂಚಿಗೆ 60,000 ಪೌಂಡ್ ಟೆನ್ಸೈಲ್ ಬಲ, ಮುಂದಿನ 1 ಎಲ್ಲ ಪೊಸಿಷನ್ನಿಗೂ ಆಗುತ್ತದೆ ಅಂತ.

ಹೆಜ್ಜೆ 6: ಎಚ್ಚರಿಕೆಯ ವಾಕ್ಯವನ್ನು ಬಾಲದಿಂದ ಹಿಡಿಯಿರಿ

‘ಡು ನಾಟ್ ಓಪನ್ ದ ಕವರ್ ಅನ್‌ಲೆಸ್ ದ ಸಪ್ಲೈ ಈಸ್ ಐಸೊಲೇಟೆಡ್.’ ಇದರಲ್ಲಿ ಕಷ್ಟದ ಪದ ಒಂದೇ: ಐಸೊಲೇಟೆಡ್, ಅಂದರೆ ಕರೆಂಟಿನ ಸಂಪರ್ಕ ಪೂರ್ತಿ ಕಡಿದಿದೆ. ಆದರೂ ಹುಡುಗರು ‘ಕವರ್ ತೆಗೆಯಬೇಡಿ, ಸಪ್ಲೈ ಐಸೊಲೇಟ್ ಆಗಿದೆ’ ಅಂತ ಓದಿಬಿಡುತ್ತಾರೆ. ಅನ್‌ಲೆಸ್ ಕಣ್ಣಿಗೇ ಬಿದ್ದಿರುವುದಿಲ್ಲ. ಇಂಗ್ಲಿಷ್ ಷರತ್ತನ್ನು ಹಿಂದೆ ಇಡುತ್ತದೆ, ಕನ್ನಡ ಮುಂದೆ ಇಡುತ್ತದೆ. ಹಾಗಾಗಿ ಕೊನೆಯಿಂದ ಹಿಡಿದು ಬನ್ನಿ: ‘ಸಪ್ಲೈ ಐಸೊಲೇಟ್ ಆಗದ ಹೊರತು ಕವರ್ ತೆಗೆಯಬೇಡ.’

ಅನ್‌ಲೆಸ್, ಅಂಟಿಲ್, ವಿದೌಟ್, ಬಿಫೋರ್, ಆಫ್ಟರ್, ಎಕ್ಸೆಪ್ಟ್. ಸೇಫ್ಟಿ ಬೋರ್ಡಿನ ಹೆಚ್ಚುಪಾಲು ಈ ಆರರ ಮೇಲೆ ನಿಂತಿದೆ. ಅವು ಕಂಡ ಕೂಡಲೇ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ. ಆನ್‌ಲೈನ್ ಪರೀಕ್ಷೆಯಲ್ಲಿ ‘ಇವುಗಳಲ್ಲಿ ಯಾವುದು ಅಲ್ಲ’ ಅನ್ನುವ ಪ್ರಶ್ನೆಗಳಲ್ಲೂ ಒಂದು ಪುಟ್ಟ ನಾಟ್ ಹೀಗೇ ಅಡಗಿ ಕೂತಿರುತ್ತದೆ.

ಮಾಡುವ ಕ್ರಮ ಹೇಳುವ ವಾಕ್ಯಗಳು ಇದಕ್ಕಿಂತ ಸುಲಭ. ಚೆನ್ನೈನ ನಿಮಿ ಸಂಸ್ಥೆ ತರುವ ಟ್ರೇಡ್ ಪ್ರಾಕ್ಟಿಕಲ್ ಪುಸ್ತಕದಲ್ಲಿ ಪ್ರತಿ ಎಕ್ಸರ್‌ಸೈಜಿಗೂ ಜಾಬ್ ಸೀಕ್ವೆನ್ಸ್ ಇರುತ್ತದಲ್ಲ, ಅಲ್ಲಿ ಪ್ರತಿ ಸಾಲು ಕ್ರಿಯಾಪದದಿಂದ ಶುರು: ಚೆಕ್, ಫೈಲ್, ಮಾರ್ಕ್, ಪಂಚ್, ಡ್ರಿಲ್, ಡಿಬರ್. ಆ ಮೊದಲ ಪದಗಳನ್ನಷ್ಟೇ ಒಂದರ ಕೆಳಗೊಂದು ಬರೆದುಕೊಂಡು, ಪುಸ್ತಕ ಮುಚ್ಚಿ ಉಳಿದದ್ದನ್ನು ನೀವೇ ತುಂಬಿ. ರೆಕಾರ್ಡ್ ಬುಕ್ ಬರೆಯುವಾಗ ಸೀನಿಯರಿನದು ನಕಲು ಮಾಡುವ ಬದಲು ಇದನ್ನು ಮಾಡಿದರೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ನಕಲಿನ ಗತಿ ನನಗೆ ಗೊತ್ತು: ಒಂದು ಬ್ಯಾಚಿನಲ್ಲಿ ಇಪ್ಪತ್ತು ಜನರ ರೆಕಾರ್ಡಿನಲ್ಲೂ ‘ಫೈಲ್’ ಹೋಗಿ ‘ಫಿಲ್’ ಆಗಿತ್ತು.

2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದ್ದಾರೆ. ಇಂಥ ಕಡೆ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರದ, ಮುಂದೆ ನಿಂತವರಿಗೆ ಪರದೆಯ ಅಲಾರಂಗಳೂ ಓದಿನ ಪಾಠವೇ. ಓವರ್ ಟ್ರಾವೆಲ್, ಲೋ ಲ್ಯೂಬ್ ಆಯಿಲ್, ಡೋರ್ ಓಪನ್. ಅಲಾರಂ ಬಂದ ಕೂಡಲೇ ರಿಸೆಟ್ ಒತ್ತುವ ಚಟ ಬಿಡಿ. ಮೊದಲು ಬರೆದುಕೊಳ್ಳಿ, ಆಮೇಲೆ ಒತ್ತಿ.

ಹೆಜ್ಜೆ 7: ಅಂಕಿಯನ್ನು ಬಿಡಿ ಬಿಡಿಯಾಗಿ ಹೇಳಿ

ಫಿಫ್ಟೀನ್, ಫಿಫ್ಟಿ. ಪ್ರೆಸ್ಸಿನ ಸದ್ದಿನಲ್ಲಿ ಎರಡೂ ಒಂದೇ. ‘ಒನ್ ಫೈವ್’, ‘ಫೈವ್ ಝೀರೊ’ ಅನ್ನಿ, ಎದುರಿನವರು ಹೇಳಿದರೆ ತಿರುಗಿ ಹೇಳಿ ಖಚಿತ ಮಾಡಿಕೊಳ್ಳಿ. ಪಾಯಿಂಟಿನ ನಂತರದ ಅಂಕಿಗಳೂ ಹಾಗೇ. ವರ್ನಿಯರಿನಲ್ಲಿ ಮೇನ್ ಸ್ಕೇಲ್ 24, ಹದಿನೇಳನೇ ಗೀಟು ಕೂಡಿದೆ, ಲೀಸ್ಟ್ ಕೌಂಟ್ (ಒಂದು ಗೀಟಿನ ಬೆಲೆ) 0.02 ಅಂದರೆ ರೀಡಿಂಗ್ ‘ಟ್ವೆಂಟಿ ಫೋರ್ ಪಾಯಿಂಟ್ ತ್ರೀ ಫೋರ್’, ‘ಥರ್ಟಿ ಫೋರ್’ ಅಲ್ಲ.

ಹೆಜ್ಜೆ 8: ಲಾಗ್‌ಬುಕ್ಕಿನಲ್ಲಿ ನಾಲ್ಕು ತುಂಡು ವಾಕ್ಯ

ಕೆಲಸ ಸಿಕ್ಕ ಮೇಲೆ ನಿಮ್ಮ ಇಂಗ್ಲಿಷನ್ನು ನಿಜವಾಗಿ ಓದುವವನು ಮುಂದಿನ ಶಿಫ್ಟಿನವನು. ಅವನಿಗೆ ‘ಮೆಷಿನ್ ನಾಟ್ ವರ್ಕಿಂಗ್, ರಿಪೇರ್ ಡನ್’ ಅಂತ ಬರೆದಿಟ್ಟರೆ ಏನು ಉಪಯೋಗ? ನಾಲ್ಕು ಪ್ರಶ್ನೆಗೆ ಉತ್ತರ ಬೇಕು. ಏನಾಗಿತ್ತು, ಏನು ಕಂಡಿತು, ಏನು ಮಾಡಿದೆ, ಈಗ ಹೇಗಿದೆ.

‘ಕೂಲಂಟ್ ಪಂಪ್ ನಾಟ್ ಸ್ಟಾರ್ಟಿಂಗ್. ಓವರ್‌ಲೋಡ್ ರಿಲೇ ಫೌಂಡ್ ಟ್ರಿಪ್ಡ್, ಇಂಪೆಲ್ಲರ್ ಜ್ಯಾಮ್ಡ್ ವಿತ್ ಚಿಪ್ಸ್. ಕ್ಲೀನ್ಡ್, ರಿಲೇ ರಿಸೆಟ್. ಟ್ರಯಲ್ ಟೇಕನ್, ಕರೆಂಟ್ 0.8 ಎ, ಓಕೆ.’

ಇದರಲ್ಲಿ ಐ, ಈಸ್, ವಾಸ್, ದ ಯಾವುದೂ ಇಲ್ಲ. ಇಂಗ್ಲಿಷ್ ಮೇಡಂ ನೋಡಿದರೆ ಕೆಂಪು ಪೆನ್ನು ಹಿಡಿದಾರು. ಮೇಂಟೆನೆನ್ಸ್ ಇಂಜಿನಿಯರ್ ಮಾತ್ರ ಸಹಿ ಹಾಕಿ ಮುಂದೆ ಹೋಗುತ್ತಾರೆ. ‘ಫೌಂಡ್’ ಪದವನ್ನು ಗಟ್ಟಿ ಮಾಡಿಕೊಳ್ಳಿ. ಫೌಂಡ್ ಲೂಸ್, ಫೌಂಡ್ ವೋರ್ನ್ ಔಟ್, ಫೌಂಡ್ ಬರ್ನ್ಟ್, ಫೌಂಡ್ ಓಪನ್. ತಪ್ಪು ಯಾರದು ಅಂತ ಹೇಳದೆ ಸ್ಥಿತಿಯನ್ನಷ್ಟೇ ಹೇಳುವ ಪದ, ಶಿಫ್ಟುಗಳ ನಡುವೆ ಜಗಳವನ್ನೂ ತಪ್ಪಿಸುತ್ತದೆ. ಟ್ರೈನಿಂಗಿನಲ್ಲಿರುವಾಗಲೇ ಪ್ರತಿ ಶನಿವಾರ ಆ ವಾರ ಕೆಟ್ಟ ಒಂದು ವಸ್ತುವಿನ ಬಗ್ಗೆ ಹೀಗೆ ನಾಲ್ಕು ತುಂಡು ಬರೆಯಿರಿ, ಮನೆಯ ಸೈಕಲ್ ಚೈನಾದರೂ ಸರಿ.

ಹೆಜ್ಜೆ 9: ಊರು ಬದಲಾದರೆ ಪದವೂ ಬದಲಾಗುತ್ತದೆ

ನಮ್ಮ ಪುಸ್ತಕದ ಇಂಗ್ಲಿಷ್ ಬ್ರಿಟಿಷರದು. ಅಮೆರಿಕದ ಮ್ಯಾನುಯಲ್ಲಿನಲ್ಲಿ ಸ್ಪ್ಯಾನರ್ ಹೋಗಿ ರೆಂಚ್, ಅರ್ತ್ ಹೋಗಿ ಗ್ರೌಂಡ್, ಲೈವ್ ಹೋಗಿ ಹಾಟ್, ಗೇಜ್ ಸ್ಪೆಲ್ಲಿಂಗಿನಲ್ಲಿ ಯು ಮಾಯ. ಗಲ್ಫಿಗೆ ಹೋಗುವ ವೆಲ್ಡರ್, ಎಲೆಕ್ಟ್ರಿಷಿಯನ್ನರು ಎರಡನ್ನೂ ಬರೆದಿಟ್ಟುಕೊಂಡರೆ ಒಳ್ಳೆಯದು.

ಹೆಜ್ಜೆ 10: ಇಂಟರ್‌ವ್ಯೂನಲ್ಲಿ ಒಂದು ಜಾಬಿನ ಕಥೆ

‘ಮೈಸೆಲ್ಫ್ ಸೋ ಆಂಡ್ ಸೋ’ ಅಂತ ಶುರುವಾಗುವ ಉರು ಹೊಡೆದ ಪರಿಚಯವನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ನೀವು ಮಾಡಿದ ಒಂದು ಜಾಬನ್ನು ಆರಿಸಿಕೊಂಡು ಅದರ ಮೆಟೀರಿಯಲ್, ಆಪರೇಷನ್ನುಗಳು, ಟಾಲರೆನ್ಸ್, ಎಲ್ಲಿ ತಪ್ಪಿತು, ಹೇಗೆ ಸರಿ ಮಾಡಿದಿರಿ ಅನ್ನುವುದನ್ನು ಎಂಟು ವಾಕ್ಯದಲ್ಲಿ ಹೇಳಲು ತಯಾರಾಗಿ. ಪದ ಮರೆತರೆ ನಿಲ್ಲಬೇಡಿ, ಮಧ್ಯೆ ಕನ್ನಡ ಬಂದರೂ ಬರಲಿ. ಹೋದ ವರ್ಷ ನಮ್ಮ ಹುಡುಗಿಯೊಬ್ಬಳಿಗೆ ಟೇಲ್‌ಸ್ಟಾಕ್ ಅನ್ನುವ ಪದ ಬಾಯಿಗೆ ಬರಲಿಲ್ಲವಂತೆ. ಎದ್ದು ಗಾಳಿಯಲ್ಲಿ ಲೇತ್ ಬರೆದು, ಬಲಗಡೆ ತೋರಿಸಿ, ‘ಡೆಡ್ ಸೆಂಟರ್ ಈಸ್ ಫಿಟೆಡ್ ಹಿಯರ್, ಸರ್, ನೇಮ್ ಐ ಫರ್ಗಾಟ್’ ಅಂದಳಂತೆ. ಎದುರಿಗಿದ್ದವರೇ ಹೆಸರು ಹೇಳಿ, ಮುಂದಿನ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿದರು.